ಮಂಜುಳಮ್ಮನವರು ಮಗುವಿನ ಗಾಡಿ ಕೊಂಡದ್ದು

ಈ ಭೂಮಿಯ ಮೇಲೆ ಮಂಜುಳಮ್ಮನವರಿಗೆ ಒಪ್ಪಿಗೆಯಾದ ವಸ್ತು ಏನಾದರೂ ಇದೆಯೇ ಎಂದು ಯಾರಾದರೂ ಕೇಳಿದರೆ, ಅವರ ಗಂಡ ಶಿವಮಲ್ಲಪ್ಪನವರು ಕನ್ನಡಕ ತೆಗೆದು ಒರೆಸಿ, ಯೋಚನೆ ಮಾಡಿ, "ಅವಳ ಕೈಯ ಹುಳಿ ಅವಳಿಗೆ ಒಪ್ಪಿಗೆ," ಎನ್ನುತ್ತಿದ್ದರು. ಅದೂ ಉಪ್ಪು ಸರಿಬಿದ್ದ ದಿನ ಮಾತ್ರ. ಉಳಿದಂತೆ ಅವರಿದ್ದ ಮೈಸೂರಿನ ಕೃಷ್ಣಮೂರ್ತಿಪುರಕ್ಕೆ ಬರುವ ಹಾಲೆಲ್ಲ ನೀರು, ಸೊಪ್ಪಿನವನು ತರುವುದು ದನವೂ ಮೂಸದ ಸೊಪ್ಪು, ಎದುರುಮನೆಯವಳ ರಂಗೋಲಿ ಕೋಳಿ ಕೆದರಿದ ಅಂಗಳ. ದಸರಾ ದೀಪ ನೋಡಲು ಜನ ಎಲ್ಲೆಲ್ಲಿಂದಲೋ ಬಂದು ಬಾಯಿ ಬಿಟ್ಟುಕೊಂಡು ನಿಂತರೆ ಮಂಜುಳಮ್ಮನವರು, "ಥೂ, ಕರೆಂಟು ದಂಡ," ಎಂದು ಮುಖ ತಿರುಗಿಸುವರು. ಆ "ಥೂ" ಬಾಯಿಂದ ಬರುತ್ತಿರಲಿಲ್ಲ, ಮೂಗಿನಿಂದ ಬರುತ್ತಿತ್ತು. ಕೇಳಿಸಿಕೊಂಡವರಿಗೆ ತಾವು ಬೆಳಿಗ್ಗೆ ಸ್ನಾನ ಮಾಡಿದ್ದೇವೋ ಇಲ್ಲವೋ ಎಂದು ಅನುಮಾನ ಹುಟ್ಟುತ್ತಿತ್ತು. ಸಂತೆಪೇಟೆಯಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಶಿವಮಲ್ಲಪ್ಪನವರು ಇಂಥವರ ಜೊತೆ "ಹೂಂ" ಎನ್ನುವ ಒಂದೇ ಮಾತಿನಲ್ಲಿ ಸಂಸಾರ ಸಾಗಿಸಿದವರು.

ಅಂಥ ಮಂಜುಳಮ್ಮನವರ ಕೈಗೆ ಮಗಳು ರಕ್ಷಿತಾಳ ಚೊಚ್ಚಲ ಮಗು ಬಂತು. ಬಾಣಂತನ ತವರಿನಲ್ಲೇ. "ಮೂಗು ಅವರಪ್ಪನ ಮನೇದು," ಎಂದರು ಆಸ್ಪತ್ರೆಯಲ್ಲೇ. "ಇರ್ಲಿ, ಎಣ್ಣೆ ಹಚ್ಚಿ ತೀಡಿ ತೀಡಿ ಸರಿ ಮಾಡ್ತೀನಿ." ಅಷ್ಟೇ. ಆಮೇಲೆ ಆ ಮಗುವಿನ ವಿಚಾರದಲ್ಲಿ ಅವರ ಮೂಗಿನಿಂದ "ಥೂ" ಹೊರಟಿದ್ದನ್ನು ಕೇಳಿದವರಿಲ್ಲ. ಕಾಲ ಮೇಲೆ ಮಲಗಿಸಿಕೊಂಡು ನೀರೆರೆದರು, ಸಾಂಬ್ರಾಣಿ ಹೊಗೆ ಕೊಟ್ಟರು, ಹೆಗಲ ಮೇಲೆ ಹಾಕಿಕೊಂಡು ಹಿತ್ತಲ ಬಾಗಿಲಿಂದ ಬೀದಿ ಬಾಗಿಲಿಗೆ ತಿರುಗಿದರು. ನಾಮಕರಣದ ದಿನ ತೊಟ್ಟಿಲಿಗೆ ಮೊದಲು ಗುಂಡುಕಲ್ಲು ಹಾಕಿ ತೂಗಿ, ಆಮೇಲೆ ಮಗುವನ್ನು ಮಲಗಿಸಿ, ಷಡಕ್ಷರಿ ಎಂದು ಮುತ್ತಾತನ ಹೆಸರಿಟ್ಟರು. ಮಗು ನಕ್ಕರೆ ಅವರೂ ನಗುತ್ತಿದ್ದರು. ಬೇರೆ ಯಾರಾದರೂ ನೋಡಿದರೆ ತಕ್ಷಣ ಮುಖ ಬಿಗಿಯುವರು.

ಐದನೇ ತಿಂಗಳಿಗೆ ಮಗು ಅಪ್ಪನ ಮನೆಗೆ ಹೋಗಬೇಕು. ಬರಿಗೈಯಲ್ಲಿ ಕಳಿಸುವಂತಿಲ್ಲ, ತವರಿನವರು ತೊಟ್ಟಿಲು ಕೊಟ್ಟೇ ಕಳಿಸಬೇಕು. ಬನ್ನಿಮಂಟಪದಲ್ಲಿದ್ದ ಬೀಗರ ಮನೆಯಿಂದ ಅಳಿಯ ಅಮರೇಶ ಫೋನು ಮಾಡಿದ. "ಅತ್ತೆ, ನಮ್ಮನೇಲಿ ಫಾಲ್ಸ್ ಸೀಲಿಂಗ್ ಮಾಡ್ಸಿದೀವಲ್ಲ, ತೊಟ್ಟಿಲು ಕಟ್ಟೋಕೆ ಕೊಂಡಿ ಇಲ್ಲ. ಅದರ ಬದಲು ಒಂದು ಸ್ಟ್ರೋಲರ್ ಕೊಟ್ಬಿಡಿ. ಪಾರ್ಕಿಗೆ ತಳ್ಕೊಂಡು ಹೋಗ್ಬೋದು."

"ತಳ್ಕೊಂಡು ಹೋಗೋ ಗಾಡೀಲಿ ಸೌತೆಕಾಯಿ ಮಾರ್ತಾರೆ," ಎಂದು ಮಂಜುಳಮ್ಮನವರು ಫೋನಿಟ್ಟ ಮೇಲೆ ಗಂಡನಿಗೆ ಹೇಳಿದರು. "ಸೂರು ಹಾಕ್ಸೋವಾಗ ತೊಟ್ಟಿಲ ಕೊಂಡಿ ನೆನಪಾಗ್ಲಿಲ್ಲ. ಎಂಥ ಜನಾನಪ್ಪ!"

ಬೀಗರ ಮೇಲಿನ ಈ ತಾತ್ಸಾರಕ್ಕೆ ಒಂದು ಹಿನ್ನೆಲೆ ಇತ್ತು. ಮದುವೆಯಾದ ವಾರ ಬನ್ನಿಮಂಟಪದಲ್ಲಿ ಬೀಗರೂಟ. ಮಂಜುಳಮ್ಮನವರನ್ನು ಕಡೇ ಪಂಕ್ತಿಗೆ ಕೂರಿಸಿದರು. ಅವರ ಎಲೆಗೆ ಬರುವ ಹೊತ್ತಿಗೆ ಹೋಳಿಗೆ ಮುಗಿದಿತ್ತು. ಡಬ್ಬದಲ್ಲಿದ್ದ ಮೈಸೂರು ಪಾಕು ತಂದು ಬಡಿಸಿದರು, ಅದೂ ಗಟ್ಟಿ. ಹೆಣ್ಣಿನ ತಾಯಿಗೆ ಹೋಳಿಗೆಯಿಲ್ಲದ ಬೀಗರೂಟ! ಮಂಜುಳಮ್ಮನವರು ಎಲೆ ಮಡಿಸಿ ಎದ್ದು, ಕೈತೊಳೆಯುವ ಸಾಲಿನಲ್ಲಿ ನಿಂತಿದ್ದ ನೂರಾರು ಜನರೆದುರು, "ಇನ್ನು ನಾನು ಈ ಮನೆ ಹೊಸಿಲು ತುಳಿದ್ರೆ ಕೇಳಿ," ಎಂದುಬಿಟ್ಟರು. ಆಡಿದ್ದು ಒಂದು ಮಾತು. ಆದರೆ ಜೀವಮಾನವೆಲ್ಲ ಊರವರ ಮಾತಿನಲ್ಲಿ ಹುಳುಕು ಹೆಕ್ಕಿದವರು ತಮ್ಮ ಮಾತನ್ನು ತಾವೇ ನುಂಗಲು ಆಗುತ್ತದೆಯೇ? ಊರು ನಗುವುದಿಲ್ಲವೇ? ಬೀಗಿತ್ತಿಯೂ ಕಮ್ಮಿಯವಳಲ್ಲ, ಅವತ್ತಿನಿಂದ ಬಾ ಎಂದು ಒಂದು ಸಲವೂ ಕರೆದಿರಲಿಲ್ಲ. ಸೊಸೆ ತವರಿಗೆ ಹೊರಟರೆ, "ಮೊನ್ನೆ ತಾನೆ ಹೋಗಿದ್ಯಲ್ಲ, ಮತ್ತೇನು ಕೆಲಸ?" ಎನ್ನುವ ಜಾತಿ.

ಹಾಗಾಗಿ ಮಗು ಬನ್ನಿಮಂಟಪ ಸೇರಿತೆಂದರೆ ಮುಗಿಯಿತು. ಊರಾಚೆಯೇನಲ್ಲ, ಸಿಟಿ ಬಸ್ಸು ಹತ್ತಿ ಕೂತರೆ ಒಂದು ತೂಕಡಿಕೆ ಮುಗಿಯುವುದರೊಳಗೆ ಬರುತ್ತದೆ. ಆದರೆ ಮಂಜುಳಮ್ಮನವರ ಪಾಲಿಗೆ ಅದು ಸಮುದ್ರದಾಚೆ. ಮೊಮ್ಮಗನನ್ನು ಇನ್ನು ಯಾವಾಗ ಎತ್ತಿಕೊಳ್ಳುತ್ತೇನೋ ಎಂದು ರಾತ್ರಿ ಎದ್ದೆದ್ದು ಮಗುವಿನ ಹೊದಿಕೆ ಸರಿಮಾಡುವರು. ಅದನ್ನು ಬಾಯಿಬಿಟ್ಟು ಹೇಳುವ ಹೆಂಗಸಲ್ಲ. ಒಂದು ದಾರಿ ಮಾತ್ರ ಅವರಿಗೆ ಹೊಳೆಯಿತು. ಗಾಡಿ ಕೊಡದೆ ಮಗುವನ್ನು ಕಳಿಸುವಂತಿಲ್ಲ, ಗಾಡಿ ಒಪ್ಪಿಗೆಯಾಗದೆ ಕೊಳ್ಳುವಂತಿಲ್ಲ. ಒಪ್ಪದೇ ಇರುವುದರಲ್ಲಿ ಅವರನ್ನು ಮೀರಿಸುವವರು ಮೈಸೂರಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮೊದಲು ಹೋದದ್ದು ಮಾಲಿನ ದೊಡ್ಡ ಅಂಗಡಿಗೆ. ಸೂಟು ಹಾಕಿದ ಹುಡುಗಿ ಒಂದು ಗಾಡಿಯನ್ನು ಮುಂದಕ್ಕೆ ತಳ್ಳಿಕೊಂಡು ಬಂದಳು.

"ನಿಲ್ಸು!" ಎಂದು ಮಂಜುಳಮ್ಮನವರು ಕೂಗಿದ ರಭಸಕ್ಕೆ ಪಕ್ಕದಲ್ಲಿದ್ದ ಮಗುವೊಂದು ಅಳತೊಡಗಿತು. "ಖಾಲಿ ತೊಟ್ಟಿಲು ತೂಗಬಾರ್ದು, ಖಾಲಿ ಗಾಡಿ ತಳ್ಳಬಾರ್ದು. ಅಷ್ಟೂ ಗೊತ್ತಿಲ್ವಾ? ರೀ, ತೆಗೀರಿ."

ಶಿವಮಲ್ಲಪ್ಪನವರು ಬಟ್ಟೆಚೀಲದಿಂದ ಮನೆಯ ಗುಂಡುಕಲ್ಲನ್ನು ಏದುಸಿರು ಬಿಡುತ್ತ ಎತ್ತಿ ಗಾಡಿಯಲ್ಲಿ ಕೂರಿಸಿದರು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿದ್ದ ಅದೇ ಕಲ್ಲು. ಅದರ ಹಣೆಗೆ ಇಟ್ಟಿದ್ದ ವಿಭೂತಿ ಇನ್ನೂ ಮಾಸಿರಲಿಲ್ಲ. ಹುಡುಗಿ ಒಮ್ಮೆ ಕಲ್ಲನ್ನು, ಒಮ್ಮೆ ಮ್ಯಾನೇಜರನ್ನು ನೋಡಿ, ಬೇರೆ ದಾರಿಯಿಲ್ಲದೆ ಕಲ್ಲಿಗೇ ಬೆಲ್ಟು ಕಟ್ಟಿದಳು.

"ಫುಲ್ ಸೇಫ್ಟಿ ಮೇಡಂ, ಐದು ಬೆಲ್ಟ್ ಬರುತ್ತೆ."

"ಮಗು ಏನು ಕಳ್ಳನಾ, ಕಟ್ಟಿಹಾಕೋಕೆ? ಇದೇನಿದು, ಇಲ್ಲಿ ತೂತು?"

"ಕಪ್ ಹೋಲ್ಡರ್ ಮೇಡಂ. ತಳ್ತಾ ತಳ್ತಾ ಮದರ್ ಕಾಫಿ ಕುಡೀಬಹುದು."

"ನೋಡಿದ್ರೇನ್ರೀ? ಮಗು ಅಳ್ತಿರುತ್ತೆ, ಅದರಮ್ಮ ಕಾಫಿ ಹೀರ್ತಿರ್ತಾಳೆ. ಥೂ."

ಆ ಒಂದು "ಥೂ"ಗೆ ಮಾಲು ಮುಗಿಯಿತು. ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ಕೊಡೆಯ ಹಾಗೆ ಮಡಚುವ ಗಾಡಿ ತೋರಿಸಿದರೆ, ಗಾಳಿ ಬೀಸಿದರೆ ಬೆಟ್ಟದ ಮೇಲೆ ಹುಡುಕಬೇಕು ಎಂದರು. ಮಗು ಮುಂದಕ್ಕೆ ಮುಖ ಮಾಡಿ ಕೂರುವ ಗಾಡಿಗೆ, "ಹುಟ್ಟಿದ ತಕ್ಷಣ ತಾಯಿಗೆ ಬೆನ್ನು ತೋರ್ಸೋದು ಕಲಿಸ್ತೀರಾ?" ಎಂದರು. ತಾಯಿಯ ಕಡೆ ಮುಖ ಮಾಡುವ ಗಾಡಿಗೆ, "ಬರೀ ಅವರಮ್ಮನ ಮುಖ ನೋಡ್ಕೊಂಡು ಬೆಳೀಬೇಕಾ ಅದು?" ಎಂದರು. ರಕ್ಷಿತಾ ಫೋನಿನಲ್ಲಿ ಒಂದಷ್ಟು ಚಿತ್ರ ತೋರಿಸಿದಳು. "ಫೋನಿನ ಒಳಗೆ ಕಲ್ಲು ಎಂಗೆ ಕೂರ್ಸೋದೇ?" ಎಂದು ಕೇಳಿದರು. ಶಿವಮಲ್ಲಪ್ಪನವರ ಭುಜ ಕಲ್ಲು ಹೊತ್ತೂ ಹೊತ್ತೂ ಒಂದು ಕಡೆಗೆ ಇಳಿಯಿತು.

ಐದು ತಿಂಗಳು ತುಂಬಿ ಆರಕ್ಕೆ ಬಿತ್ತು. ಬ್ಯಾಂಕಿನ ಕೆಲಸಕ್ಕೆ ಮರಳಬೇಕಿದ್ದ ರಕ್ಷಿತಾಳ ತಾಳ್ಮೆ ಕೆಟ್ಟಿತು.

"ಅಮ್ಮ, ನಿಂಗೆ ಗಾಡಿ ಇಷ್ಟ ಆಗ್ತಿಲ್ವೋ, ನಾವು ಹೋಗೋದು ಇಷ್ಟ ಇಲ್ವೋ? ನೆಟ್ಟಗೆ ಹೇಳ್ಬಿಡು."

"ಹೋಗೇ! ನಿನ್ನನ್ಯಾರು ಇಲ್ಲಿ ಕಟ್ಟಾಕಿದಾರೆ?" ಎಂದು ಮಂಜುಳಮ್ಮನವರು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಅದಾದ ಎರಡು ದಿನಕ್ಕೆ ಒಂದು ಅನಾಹುತವಾಯಿತು. ಒಳ್ಳೆಯ ಗಾಡಿ ಸಿಕ್ಕಿತು. ಗುಂಡುಕಲ್ಲು ಮಹಾರಾಜನ ಹಾಗೆ ಕೂತಿತು. ಫುಟ್‌ಪಾತಿನ ಒಡೆದ ಚಪ್ಪಡಿಗಳ ಮೇಲೆ ತಳ್ಳಿಸಿದರು, ಅಲುಗಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಹಾಕಿಸಿದರು, ಕಚ್ಚಿ ನಿಂತಿತು. ಬಗ್ಗಿ ಚಕ್ರ ನೋಡಿದರು, ಬಟ್ಟೆಯ ಹೊಲಿಗೆ ಎಳೆದರು, ಸರಳುಗಳನ್ನು ಉಗುರಿನಿಂದ ಕೆರೆದರು. ಒಂದು ಹುಳುಕೂ ಕೈಗೆ ಹತ್ತಲಿಲ್ಲ. ಮಂಜುಳಮ್ಮನವರು ಮತ್ತೆ ಮೊದಲಿನಿಂದ ಹುಡುಕಿದರು.

"ಕಣ್ಮುಚ್ಕೊಂಡು ತಗೊಂಡೋಗಿ ಅಮ್ಮ," ಎಂದ ಅಂಗಡಿಯವನು. "ಐದು ವರ್ಷ ಏನೂ ಆಗಲ್ಲ. ಮತ್ತೆ ನೀವು ಅಂಗಡಿ ಕಡೆ ತಲೆ ಹಾಕೋದೇ ಬೇಡ."

ಐದು ವರ್ಷ ಏನೂ ಆಗದ ಗಾಡಿ! ಆಗದಿದ್ದರೆ ಮತ್ತೆ ಬನ್ನಿಮಂಟಪದಿಂದ ಯಾರು ಯಾತಕ್ಕೆ ಇತ್ತ ಬರುತ್ತಾರೆ? ಮಂಜುಳಮ್ಮನವರು ಅಲ್ಲೇ ನಿಂತು ಒಂದು ಗಳಿಗೆ ಯೋಚಿಸಿದರು. ಆಮೇಲೆ "ಬಣ್ಣ ಸರಿಯಿಲ್ಲ," ಎಂದು ಹೊರಗೆ ಬಂದು, ಆಟೋ ಹಿಡಿದು, ನೇರವಾಗಿ ತಮ್ಮ ಬೀದಿಯ ಮೂಲೆಯಲ್ಲಿದ್ದ ಪುಟ್ಟಣ್ಣನ ಸೈಕಲ್ ಅಂಗಡಿ ಮುಂದೆ ಇಳಿದರು.

ಪುಟ್ಟಣ್ಣನ ಅಂಗಡಿಯ ಬಗ್ಗೆ ಅವರ ಅಭಿಪ್ರಾಯ ಬೀದಿಗೆಲ್ಲ ಗೊತ್ತಿತ್ತು. ಅವನು ಪಂಕ್ಚರ್ ಹಾಕಿದರೆ ಮನೆ ಮುಟ್ಟುವುದರೊಳಗೆ ಗಾಳಿ ಹೋಗುತ್ತದೆ, ಗಾಳಿ ಹೊಡೆದರೆ ಪಂಕ್ಚರ್ ಆಗುತ್ತದೆ. ಅಲ್ಲಿ ಸೂರಿನಿಂದ ಒಂದು ಗಿಳಿಹಸಿರು ಗಾಡಿ ಧೂಳು ಹಿಡಿದು ನೇತಾಡುತ್ತಿತ್ತು. ಇಳಿಸಿ ಕಲ್ಲು ಕೂರಿಸಿ ತಳ್ಳಿದರೆ ಒಂದು ಚಕ್ರ ಕೀರಲು ದನಿ ಮಾಡಿತು, ಇನ್ನೊಂದು ತನ್ನಿಷ್ಟ ಬಂದ ಕಡೆ ತಿರುಗಿತು.

"ಇದು ಕೆಟ್ರೆ?" ಎಂದು ಮಂಜುಳಮ್ಮನವರು ಕೇಳಿದರು.

"ಕೆಟ್ಟೇ ಕೆಡ್ತದೆ ಅಂತಲ್ಲ ಕಣಮ್ಮ. ಕೆಟ್ರೆ ಇಲ್ಲಿಗೇ ತಂದ್ಬುಡಿ. ಇದರ ಸಾಮಾನು ಬೇರೆ ಯಾರತ್ರಾನೂ ಸಿಕ್ಕಲ್ಲ."

"ಬನ್ನಿಮಂಟಪದಲ್ಲಿ?"

"ಎಲ್ಲೂ ಇಲ್ಲ ಕಣಮ್ಮ. ಮೈಸೂರೆಲ್ಲ ಸುತ್ತಿದ್ರೂ ಇಲ್ಲಿಗೇ ಬರ್ಬೇಕು."

"ಕಟ್ಕೊಡು," ಎಂದರು ಮಂಜುಳಮ್ಮನವರು.

ಶಿವಮಲ್ಲಪ್ಪನವರು ಜೀವಮಾನದಲ್ಲಿ ಮೊದಲ ಸಲ "ಹೂಂ" ಎನ್ನುವುದನ್ನೂ ಮರೆತರು. ಮನೆಯಲ್ಲಿ ರಕ್ಷಿತಾ ಗಾಡಿಯನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಇದಾ? ಇಷ್ಟೆಲ್ಲ ಸುತ್ತಿ ಇದಾ?"

"ಊಂ, ಇದೇ. ನೆರಳಿಗೆ ಟೋಪಿ ಇದೆ, ಚಕ್ರ ಇದೆ, ಇನ್ನೇನು ರೆಕ್ಕೆ ಬೇಕಿತ್ತಾ?" ಎಂದರು ತಾಯಿ. "ಕೆಟ್ರೆ ಪುಟ್ಟಣ್ಣನತ್ರಾನೇ ತರ್ಬೇಕು, ಸಾಮಾನು ಬೇರೆ ಎಲ್ಲೂ ಸಿಗಲ್ಲ."

ಮಗು ಬನ್ನಿಮಂಟಪಕ್ಕೆ ಹೋಯಿತು. ಗಾಡಿ ನೋಡಿ ಬೀಗಿತ್ತಿ ಮೂಗು ಮುರಿದಳಂತೆ. ಆ ಸುದ್ದಿ ಬಂದಾಗ ಮಂಜುಳಮ್ಮನವರು ಸಿಟ್ಟಾಗಲಿಲ್ಲ. ಮುರೀಲಿ, ಮೂಗಿನ ಜೊತೆ ಗಾಡಿಯೂ ಬೇಗ ಮುರೀಲಿ ಎಂದುಕೊಂಡು, ಗುಂಡುಕಲ್ಲನ್ನು ತೊಳೆದು ಒರಳಿನಲ್ಲಿ ಇಟ್ಟು ಕಾಯತೊಡಗಿದರು.

ಆ ದರಿದ್ರ ಗಾಡಿ ಕೆಡಲೇ ಇಲ್ಲ.

"ಗಾಡಿ ಎಂಗಿದೆಯೇ?" ಎಂದು ಮಗಳಿಗೆ ಫೋನಿನಲ್ಲಿ ಕೇಳುವರು.

"ಚೆನ್ನಾಗಿದೆ ಅಮ್ಮ."

"ಕೀರಲು?"

"ಎಣ್ಣೆ ಬಿಟ್ವಿ. ನಿಂತೋಯ್ತು."

ದಿನಾ ಅದೇ ಪ್ರಶ್ನೆ, ದಿನಾ ಅದೇ ಉತ್ತರ. ಮಗು ಕೂರಲು ಕಲಿಯಿತಂತೆ, ಫೋನಿನಲ್ಲಿ ಕೇಳಿದರು. ಅಂಬೆಗಾಲಿಟ್ಟಿತಂತೆ, ಅದೂ ಫೋನಿನಲ್ಲೇ. ವೀಡಿಯೋದಲ್ಲಿ ಅಜ್ಜಿಯನ್ನು ಕಂಡ ಮಗು ಮುಖ ಸಣ್ಣದು ಮಾಡಿಕೊಂಡು ಅತ್ತಾಗ ಮಂಜುಳಮ್ಮನವರು, "ಥೂ, ಈ ಫೋನಿನಲ್ಲಿ ಮನುಷ್ಯರ ಮುಖಾನೇ ಸರಿಯಾಗಿ ಕಾಣಲ್ಲ," ಎಂದು ಗಂಡನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ತಮ್ಮನ್ನು ಮಗು ಮರೆಯಿತು ಎಂದು ಅವರಿಗೆ ಗೊತ್ತಾಗಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು ಅತ್ತರು. ಒಂದು ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಬಸ್‌ಸ್ಟಾಪಿನವರೆಗೂ ಹೋಗಿ, ಬನ್ನಿಮಂಟಪದ ಬಸ್ಸು ಬಂದು ನಿಂತು ಹೋಗುವುದನ್ನು ನೋಡಿಕೊಂಡು ವಾಪಸ್ಸು ಬಂದರು. "ಬಿಸಿಲು," ಎಂದರು ಗಂಡನಿಗೆ. ಅವತ್ತು ಮೋಡ ಕವಿದಿತ್ತು.

ಕಡೆಗೆ ತಡೆಯಲಾರದೆ ಪುಟ್ಟಣ್ಣನ ಅಂಗಡಿಗೇ ನುಗ್ಗಿದರು.

"ಏನಯ್ಯ, ಎಂಥ ಗಾಡಿ ಕೊಟ್ಟೆ ನಂಗೆ?"

ಪುಟ್ಟಣ್ಣ ಗಾಬರಿಯಾಗಿ ಎದ್ದು ನಿಂತ. "ಯಾಕಮ್ಮ, ಕೆಟ್ಟೋಯ್ತಾ?"

"ಕೆಡ್ಲಿಲ್ಲ!" ಎಂದು ಮಂಜುಳಮ್ಮನವರು ಗದರಿದರು. "ನಿನ್ನ ಅಂಗಡೀಲಿ ಇಷ್ಟು ವರ್ಷದಲ್ಲಿ ಬಾಳಿಕೆ ಬಂದಿದ್ದು ಅದೊಂದೇನಾ? ಕೆಡೋಕೂ ಯೋಗ್ಯತೆ ಇಲ್ಲದ ಸಾಮಾನು ಯಾಕಯ್ಯ ಮಾರ್ತೀಯ?"

ಅವರು ಮನೆ ಸೇರುವವರೆಗೂ ಪುಟ್ಟಣ್ಣ ನೋಡುತ್ತಲೇ ನಿಂತಿದ್ದ.

ಅದರ ಮಾರನೇ ವಾರ, ಒಂದು ದಿನ ಬೆಳಿಗ್ಗೆ, ಮನೆ ಮುಂದೆ ಆಟೋ ನಿಂತಿತು. ರಕ್ಷಿತಾ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೂರೇ ಚಕ್ರದ ಗಿಳಿಹಸಿರು ಗಾಡಿ ಎಳೆದುಕೊಂಡು ಇಳಿದಳು. ಕಳಚಿದ ಚಕ್ರ ಗಾಡಿಯ ಒಳಗೆ ಕೂತಿತ್ತು.

"ನಾನು ಹೇಳ್ಲಿಲ್ವಾ! ನಾನು ಹೇಳ್ಲಿಲ್ವಾ!" ಎಂದು ಮಂಜುಳಮ್ಮನವರು ಬಾಗಿಲಿಗೇ ಓಡಿ ಬಂದರು. ಅವರು ಯಾರಿಗೂ ಏನೂ ಹೇಳಿರಲಿಲ್ಲ. "ಪುಟ್ಟಣ್ಣನ ಸಾಮಾನು ಅಂದ್ರೆ ಇಷ್ಟೇ! ಕೊಡಿಲ್ಲಿ ಮಗುನ."

ಷಡಕ್ಷರಿ ಅಜ್ಜಿಯನ್ನು ಗುರುತಿಲ್ಲದವನ ಹಾಗೆ ನೋಡಿ, ತುಟಿ ಸೊಟ್ಟ ಮಾಡಿ, ಅಳಲು ಬಾಯಿ ತೆರೆದ. ಮಂಜುಳಮ್ಮನವರು ಎತ್ತಿ ಹೆಗಲಿಗೆ ಹಾಕಿಕೊಂಡರು. ಮಗು ಅವರ ಹೆಗಲ ಮೇಲೆ ಮೂಗು ಇಟ್ಟು, ಸಾಂಬ್ರಾಣಿಯ ವಾಸನೆ ಹಿಡಿಯಿತೋ ಏನೋ, ಅಳದೆ ಸೆರಗು ಚೀಪತೊಡಗಿತು.

"ಅತ್ತೆ ಚೆನ್ನಾಗಿ ಬೈದ್ರು," ಎಂದಳು ರಕ್ಷಿತಾ. "ನಿಮ್ಮಮ್ಮ ಎಂಥ ಗಾಡಿ ಕೊಟ್ರು, ಹೋಗಿ ಅಲ್ಲೇ ರಿಪೇರಿ ಮಾಡಿಸ್ಕೊಂಡು ಬಾ ಅಂದ್ರು. ಇದರ ಸಾಮಾನು ಇಲ್ಲಿ ಮಾತ್ರ ಸಿಗೋದಂತಲ್ಲ."

ಶಿವಮಲ್ಲಪ್ಪನವರು ಗಾಡಿಯನ್ನು ಎತ್ತಿಕೊಂಡು ಪುಟ್ಟಣ್ಣನ ಅಂಗಡಿಗೆ ಹೊರಟರು. ಮಂಜುಳಮ್ಮನವರು ಮಗುವಿಗೆ ಒಣಗಿದ ಚಡ್ಡಿ ಹಾಕೋಣವೆಂದು ರಕ್ಷಿತಾಳ ಚೀಲಕ್ಕೆ ಕೈ ಹಾಕಿದರು. ಚಡ್ಡಿಯ ಜೊತೆ ಕರವಸ್ತ್ರದ ಗಂಟೊಂದು ಬಂತು. ಬಿಚ್ಚಿದರೆ ಒಳಗೆ ಒಂದು ಕಬ್ಬಿಣದ ಪಿನ್ನು ಮತ್ತು ಒಂದು ನಟ್ಟು. ಗಾಡಿಯ ಚಕ್ರದ್ದೇ. ಮುರಿದಿರಲಿಲ್ಲ, ಸವೆದಿರಲಿಲ್ಲ, ಒಂದು ಗೀರೂ ಇರಲಿಲ್ಲ.

ಮಂಜುಳಮ್ಮನವರು ಮಗಳ ಮುಖ ನೋಡಿದರು. ರಕ್ಷಿತಾ ಮೊದಲು ಗೋಡೆ ನೋಡಿದಳು, ಆಮೇಲೆ ಅವಳ ಕಣ್ಣು ತುಂಬಿತು.

"ಅದಾಗೇ ಕೆಡ್ಲಿಲ್ಲ ಕಣಮ್ಮ," ಎಂದಳು. "ನಾನೂ ಎಷ್ಟು ದಿನ ಅಂತ ಕಾಯ್ಲಿ?"

ಮಂಜುಳಮ್ಮನವರು ಬೀದಿ ಬಾಗಿಲಿಗೆ ಹೋಗಿ, "ರೀ, ವಾಪಸ್ ಬನ್ನಿ! ಪುಟ್ಟಣ್ಣ ಇವತ್ತು ಅಂಗಡಿ ತೆಗ್ದಿಲ್ಲ!" ಎಂದು ಗಂಡನನ್ನು ಕೂಗಿದರು. ಅಂಗಡಿಯ ಮುಂದೆ ಪುಟ್ಟಣ್ಣ ಪಂಪು ಹಿಡಿದು ಗಾಳಿ ಹೊಡೆಯುತ್ತಿರುವುದು ಅಲ್ಲಿಂದಲೇ ಕಾಣುತ್ತಿತ್ತು. ಶಿವಮಲ್ಲಪ್ಪನವರು ಅವನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, "ಹೂಂ," ಎಂದು ಹಿಂದಿರುಗಿದರು.

ಮಂಜುಳಮ್ಮನವರು ಒಳಗೆ ಬಂದು ಪಿನ್ನನ್ನೂ ನಟ್ಟನ್ನೂ ಸಾಸಿವೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು.

"ಥೂ," ಎಂದರು ಮಗಳಿಗೆ, ಕಣ್ಣೊರೆಸಿಕೊಳ್ಳುತ್ತ. "ಬ್ಯಾಂಕಲ್ಲಿ ಕೆಲ್ಸ ಮಾಡ್ತಾಳಂತೆ. ಒಂದು ಚಕ್ರ ಬಿಚ್ಚೋಕೆ ಇಷ್ಟು ದಿನ ಬೇಕಾಯ್ತೇನೇ ನಿಂಗೆ?"