ಈಶಾನ್ಯ ಮೂಲೆಯ ಲೇತು

ಗಂಡನ ಹೆಸರು ಹೇಳಿದ್ರೆ ಆಯಸ್ಸು ಕಮ್ಮಿ ಅಂತಾರೆ. ನಾನು ಹೇಳೇ ಬುಡ್ತೀನಿ: ಬೈರಪ್ಪ. ಮಾಗಡಿ ಹತ್ರದ ಕಲ್ಯದಲ್ಲಿ ನಮ್ಗೆ ಆರೆಕರೆ ರಾಗಿ ಹೊಲ, ಒಸಿ ತೆಂಗು, ಎರಡು ಸೀಮೆಹಸು ಐತೆ. ಕೈಗೆ ಸಗಣಿ ಹತ್ತಿಸ್ಕೊಳ್ಳೋದು ನಾನು, ಗ್ರೀಸ್ ಹತ್ತಿಸ್ಕೊಳ್ಳೋದು ಅವ್ರು.

ಕೊಟ್ಟಿಗೆ ಪಕ್ಕದಲ್ಲಿ ನಮ್ಮ ಮಾವ ತಂದಿದ್ದ ಲ್ಯಾಂಡ್‌ಮಾಸ್ಟರ್ ಕಾರು ನಿಂತಿತ್ತು. ಇಪ್ಪತ್ತು ವರ್ಷದಿಂದ ಅದ್ರಲ್ಲಿ ಕೂತಿದ್ದು ಕಾವಿಗೆ ಬಂದ ಕೋಳಿ ಮಾತ್ರ. ನಮ್ಮತ್ತೆ ಮುನಿಯಮ್ಮಂಗೆ ಎಪ್ಪತ್ತೊಂಬತ್ತು. ಆ ಕಾರಲ್ಲಿ ಒಂದೇ ಒಂದು ಸಲ ಕೂತ್ಕೊಂಡು ದೊಡ್ಡಮಳೂರಿನ ಅಪ್ರಮೇಯಸ್ವಾಮಿಗೆ ಕೈ ಮುಗಿದು ಬರ್ಬೇಕು ಅಂತ ಅವ್ರ ಆಸೆ. ಮಾವ ತಂದಾಗಿಂದ ಅತ್ತೆ ಅದನ್ನ ತೊಳೆದಿದ್ದೇ ಆಯ್ತು, ಹತ್ತಿದ್ದು ಇಲ್ಲ.

"ನಾನೇ ರಿಪೇರಿ ಮಾಡಿ ಕರ್ಕೊಂಡು ಹೋಯ್ತೀನಿ ಕಣವ್ವ" ಅಂದ್ರು ನಮ್ಮನೇವ್ರು. ಎರಡು ಸಾವಿರದ ನಾಲ್ಕನೇ ಇಸವಿ. ಬಿಡದಿ ಕಡೆ ಕಾರ್ಖಾನೆಗಳು ಎದ್ದು, ಎಲ್ರೂ ಕಂಪ್ಯೂಟರ್ ಮಿಷನ್ನು ತರಿಸ್ಕೊಂಡು, ಕಬ್ಬಿಣ, ಹಿತ್ತಾಳೆ ಕಡೆಯೋ ಹಳೇ ಲೇತುಗಳು ಗುಜರಿ ಸೇರ್ತಿದ್ವು. ಅಂಥದ್ದೊಂದನ್ನ ಲಾರೀಲಿ ಹೇರ್ಕೊಂಡು ಬಂದ್ರು. ಕಾರಿನ ಮುಂದಿನ ಚಕ್ರ ಓಲಾಡ್ತಿತ್ತು. ಅದಕ್ಕೆ ಬೇಕಾಗಿದ್ದು ಬೆರಳುದ್ದದ ಒಂದು ಹಿತ್ತಾಳೆ ಬುಷ್ಷು, ಚಿಕ್ಕ ಕೊಳವೆ ಅಷ್ಟೆ. ಅಂಗಡೀಲಿ ಸಿಗಲ್ಲ, ಲೇತಲ್ಲಿ ತಿರುಗಿಸಿಯೇ ಮಾಡ್ಬೇಕು.

ಲೇತು ಕೂರಿಸೋಕೆ ಶೆಡ್ಡು ಬೇಕಲ್ಲ? ಶೆಡ್ಡಿಗೆ ವಾಸ್ತು ಬೇಕಲ್ಲ? ಬಂದ ನೋಡಿ ಬಸವಯ್ಯ! ಮೊನ್ನೆ ತನಕ ತೆಂಗಿನಕಾಯಿ ಹಿಡ್ಕೊಂಡು ಬೋರ್‌ವೆಲ್ ಪಾಯಿಂಟ್ ತೋರಿಸ್ತಿದ್ದೋನು. ನಾಕು ಊರಲ್ಲಿ ಬರೀ ಧೂಳು ಬಂದ್ಮೇಲೆ ವಾಸ್ತು ಪಂಡಿತನಾಗ್ಬುಟ್ಟಿದ್ದ. "ನೆಲ ಈಶಾನ್ಯಕ್ಕೆ ಇಳಿಜಾರು ಇರ್ಬೇಕು, ಲಕ್ಷ್ಮಿ ಹರಿದು ಬತ್ತಾಳೆ" ಅಂದ. ಗಾರೆಯವ್ನ ಕೈಲಿ ಆ ಮೂಲೆ ಇಳಿಸಿದ್ರು. ಲೇತಿನ ಒಂದು ಕಾಲು ನೆಲಕ್ಕೇ ಎಟುಕ್ಲಿಲ್ಲ. ನಮ್ಮನೇವ್ರು ಬುಡ್ತಾರಾ? ನಟ್ಟು ಬೋಲ್ಟು ಬಿಗಿದೂ ಬಿಗಿದೂ ಕಾಲನ್ನ ಕೆಳಕ್ಕೆ ಎಳೆದ್ರು. ಮಿಷನ್ನಿನ ಮೈಯೇ ತಿರುಚ್ಕೊಂತು.

ಆಮೇಲೆ ಎಷ್ಟು ಬುಷ್ ಕಡೆದ್ರೂ ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಒಂದು ಕಡೆ ತೂರಲ್ಲ, ಇನ್ನೊಂದು ಕಡೆ ನಿಲ್ಲಲ್ಲ. ಎರಡು ವರ್ಷ ಹಿಂಗೇ! ಅಜ್ಜಿ ಕಾಲದ ಹಿತ್ತಾಳೆ ಚೆಂಬೂ ಕರಗಿ ಬುಷ್ಷಾಯ್ತು. ನಮ್ಮನೇವ್ರು "ಹಿತ್ತಾಳೆ ಸರಿಯಿಲ್ಲ" ಅನ್ನೋರು, "ಕರೆಂಟು ಸರಿಯಿಲ್ಲ" ಅನ್ನೋರು. ಒಂದ್ಸಲ ನನ್ ದೃಷ್ಟಿ ಬಿತ್ತು ಅಂತ್ಲೂ ಅಂದ್ರು. ಅತ್ತೆ ಮಾತ್ರ ದಿನಾ ಬೆಳಗ್ಗೆ "ಆಯ್ತಾ ಬೈರಾ?" ಅಂತ ಕೇಳೋರು. ಮಂಡಿ ಊದ್ಕೊಂಡು ನಡಿಗೆ ಬೇರೆ ಕಮ್ಮಿಯಾಗ್ತಿತ್ತು.

ಕೊನೆಗೆ ನಾನೇ ರಾಮನಗರದಿಂದ ಮಕ್ಬೂಲಣ್ಣನ್ನ ಕರೆಸ್ದೆ. ಮೂವತ್ತು ವರ್ಷ ಲೇತ್ ಮುಂದೆ ನಿಂತಿರೋ ಜೀವ. ಮಿಷನ್ನಿನ ಮೇಲೆ ಮಟ್ಟ ನೋಡೋ ರಸಮಟ್ಟ ಇಟ್ಟು ನೋಡಿ ನಕ್ಕುಬುಟ್ಟ. "ಗೌಡ್ರೆ, ಕಾಲಡಿಗೆ ಒಂದು ತಗಡು ಕೊಡಿ, ಎಲ್ಲಾ ಸರಿಹೋಯ್ತದೆ."

"ಈಶಾನ್ಯ ಎತ್ತರ ಮಾಡೋದಾ? ಮನೆ ಎಕ್ಕುಟ್ಟೋಗತ್ತೆ!" ಅಂತ ನಮ್ಮನೇವ್ರು ಹಾರಾಡಿ, ಬಸವಯ್ಯನ್ನ ಕೇಳ್ಕೊಂಡು ಬತ್ತೀನಿ ಅಂತ ಮಾಗಡಿಗೆ ಹೊರಟ್ರು. ಅವ್ರ ಬೆನ್ನು ಮರೆಯಾಗ್ತಿದ್ದಂಗೇ ಅತ್ತೆ ತಮ್ಮ ಎಲೆಅಡಿಕೆ ಡಬ್ಬಿ ಮುಚ್ಚಳ ಕಿತ್ತು ಮಕ್ಬೂಲಣ್ಣನ ಕೈಗಿಟ್ರು. "ಹಾಕಪ್ಪ. ಮನೆ ಹಾಳಾದ್ರೆ ನಾನೈದೀನಿ." ಅವ್ನು ಬೋಲ್ಟು ಸಡಿಲಿಸಿ, ಮುಚ್ಚಳ ಕತ್ತರಿಸಿ ಕಾಲಡಿಗೆ ತೂರಿಸಿ, ಮತ್ತೆ ಬಿಗಿದು ಹೊರಟ.

ಮಾರನೇ ದಿನ ನಮ್ಮನೇವ್ರು ಕಡೆದ ಬುಷ್ಷು ಬೆಣ್ಣೆಯಂಗೆ ಕೂತ್ಕೊಂತು! "ನೋಡ್ದಾ, ಬಸವಯ್ಯ ನಿನ್ನೆ ಮಂತ್ರಿಸಿಕೊಟ್ಟ ನಿಂಬೆಹಣ್ಣಿನ ಮಹಿಮೆ" ಅಂದ್ರು. ಅತ್ತೆ ನನ್ ಮುಖ ನೋಡಿದ್ರು. ಕಾರು ಹೊರಟ್ರೆ ಸಾಕು ಅಂತ ಇಬ್ರೂ ಬಾಯಿ ಮುಚ್ಕೊಂಡಿದ್ದೊ. ಅಲ್ಲೇ ನಾವು ಕೆಟ್ಟಿದ್ದು.

ದೊಡ್ಡಮಳೂರಿಗೆ ಹೊರಡೋಕೆ ಗುರುವಾರ ಮುಹೂರ್ತ. ಅತ್ತೆ ಧರ್ಮಾವರಂ ಸೀರೆ ಉಟ್ಕೊಂಡು, ಹೂವಿನ ಬುಟ್ಟಿ ಹಿಡ್ಕೊಂಡು ಬರೋ ಹೊತ್ಗೆ ಮುಂದಿನ ಸೀಟಲ್ಲಿ ಬಸವಯ್ಯ ಶಲ್ಯ ಹೊದ್ದು ಕೂತಿದ್ದ. ಹಿಂದೆ ಪಂಚಾಯ್ತಿ ಮೆಂಬರ್ ಕೃಷ್ಣಪ್ಪ, ಅವ್ರ ತಮ್ಮ, ಇನ್ನಿಬ್ರು ದಪ್ಪನೆಯೋರು. "ಅವ್ವ, ಕಾರು ಎದ್ದಿದ್ದೇ ಇವ್ರಿಂದ. ಏಳಿ ಅನ್ನಕ್ಕಾಯ್ತದಾ? ನೀನು ಮುಂದಿನ ಸಲ ಬಾ" ಅಂದ್ರು ನಮ್ಮನೇವ್ರು. ಹಾರನ್ ಹೊಡ್ಕೊಂಡು ಹೋಗೇಬುಟ್ರು. ಅತ್ತೆ ಬುಟ್ಟಿ ಕೆಳಗಿಡ್ಲೇ ಇಲ್ಲ, "ನಡಿಯವ್ವ ನಾಗಲಕ್ಷ್ಮಿ" ಅಂದ್ರು. ಇಬ್ರೂ ದೊಡ್ಡಮಳೂರಿಗೆ ಬಸ್ ಹತ್ತಿದೊ.

ಸಂಜೆ ಜಗಲಿ ತುಂಬ ಜನ. ನಮ್ಮನೇವ್ರು ಎದೆ ಉಬ್ಬಿಸಿ, "ಚಕ್ರ ಒಂದು ಚೂರೂ ಅಲ್ಲಾಡ್ಲಿಲ್ಲ ಕಣ್ರಪ್ಪ" ಅಂತಿದ್ರು. ನಮ್ಮನ್ನ ನೋಡಿ, "ಅವ್ವ, ಬಸ್ಸಲ್ಲಿ ನೂಕುನುಗ್ಲಾ? ತೊಂದ್ರೆಯಾಯ್ತಾ?" ಅಂತ ಎಲ್ರ ಮುಂದೆ ಕೇಳಿದ್ರು.

ಅತ್ತೆ ಮೆಟ್ಟಿಲ ಮೇಲೆ ಕೂತು ಮಂಡಿ ನೀವ್ಕೊಂಡ್ರು. "ಏನಿಲ್ಲ ಕಣ್ ಮಗಾ. ಕಂಡಕ್ಟ್ರು ಯಾರ್ ಹೆತ್ತ ಮಗನೋ, ಮುಂದೆ ಕೂತಿದ್ದೋರ್ನ ಏಳಿಸಿ ನನ್ನ ಕೂರಿಸ್ದ."