ಕರೆವ್ವ ಬರೆಯದೆ ಬಿಟ್ಟ ನಾಲ್ಕು ವಾಕ್ಯ

ತಿಳವಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಕರೆವ್ವನಿಗೆ ಇಂಗ್ಲಿಷ್ ಕಲಿಸಲು ಒಪ್ಪಿಕೊಂಡ ದಿನ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಇಪ್ಪತ್ತೆರಡು ವರ್ಷ ಅದನ್ನೇ ಕಲಿಸಿ ಸಾಕಾಗಿದ್ದ ಮೇಷ್ಟ್ರು ನಾನು. ಆಕೆಗೆ ಮೂವತ್ನಾಲ್ಕು. ಎಸ್ಸೆಸ್ಸೆಲ್ಸಿಯಲ್ಲಿ ಉಳಿದ ವಿಷಯವೆಲ್ಲ ಪಾಸು, ಇಂಗ್ಲಿಷ್ ಒಂದೇ ಬಾಕಿ. ಅದೊಂದು ದಾಟಿದರೆ ಅಂಗನವಾಡಿ ಸಹಾಯಕಿಯ ಕೆಲಸಕ್ಕೆ ಅರ್ಜಿ ಹಾಕಬಹುದು. ಬರುವ ದೀಪಾವಳಿಗೆ ಮೂವತ್ತೈದು ಮುಗಿಯುತ್ತದೆ, ಆಮೇಲೆ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ.

ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ಮೂರು ಗಂಟೆಗೆ ಅಡುಗೆಮನೆಯ ಕಟ್ಟೆಯ ಮೇಲೆ ಗೈಡು ಹಿಡಿದು ಕೂರುತ್ತಿದ್ದಳು. ದಿನಕ್ಕೆ ಐದು ಶಬ್ದ. ಶಬ್ದಕ್ಕೊಂದು ಅರ್ಥ, ಒಂದು ವಾಕ್ಯ. ಅರ್ಥವನ್ನು ಥಟ್ಟನೆ ಹೇಳುವಳು, ವಾಕ್ಯ ಬಂತೋ, ಕಥೆ ಮುಗಿಯಿತು. ‘ಡಿಲೇ’ ಎಂದರೆ ತಡ. ಮಂಜಿನಿಂದ ವಿಮಾನ ತಡವಾಯಿತು ಎಂದು ಗೈಡಿನ ಇಂಗ್ಲಿಷ್ ವಾಕ್ಯ. ನಾಲ್ಕು ದಿನ ಬಡಿದುಕೊಂಡರೂ ಅದು ಅವಳ ಬಾಯಿಗೆ ಬರಲೊಲ್ಲದು.

“ಸರ್ರ, ಹಾನಗಲ್ ಬಸ್ಸು ಡಿಲೇ ಆತು ಅಂತ ಬರದ್ರ ನಡಿಯಾಂಗಿಲ್ಲೇನ್ರಿ? ಅದು ದಿನಾ ಆಕ್ಕೈತ್ರಿ.”

“ಸ್ವಂತ ತಲಿ ಓಡಸಬ್ಯಾಡ ತಾಯಿ! ತಪ್ಪು ಮಾಡಿ ಕುಂದರ್ತಿ. ಗೈಡಿನ್ಯಾಗ ಇದ್ದಂಗ ಬರಿ, ಇಲ್ಲಾಂದ್ರ ಬಿಟ್ಟಬಿಡು.”

ಎಲ್ಲ ಮಕ್ಕಳಿಗೂ ನಾನು ಹೇಳುತ್ತಿದ್ದುದು ಇದನ್ನೇ. ನಮ್ಮ ಶಾಲೆಯ ಫಲಿತಾಂಶ ನಿಂತಿದ್ದೇ ಈ ಉರುಹೊಡೆಯುವುದರ ಮೇಲೆ.

ಮಾರ್ಚ್ ಪರೀಕ್ಷೆಯಲ್ಲಿ ಕರೆವ್ವ ಎರಡು ಅಂಕದಲ್ಲಿ ನಪಾಸಾದಳು. ನನ್ನ ಮೈಯೆಲ್ಲ ಉರಿದುಹೋಯಿತು. ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದೆ. ನಾಲ್ಕು ಶಬ್ದಗಳಿಗೆ ಅರ್ಥ ಬರೆದು ವಾಕ್ಯದಲ್ಲಿ ಬಳಸಬೇಕಿತ್ತು, ವಾಕ್ಯಕ್ಕೊಂದು ಅಂಕ. ನಾಲ್ಕು ಅರ್ಥವೂ ಸರಿ. ವಾಕ್ಯದ ಜಾಗ ಮಾತ್ರ ನಾಲ್ಕೂ ಖಾಲಿ! ಆ ಹಾಳೆ ಹಿಡಿದು ಅಡುಗೆಮನೆಗೆ ನುಗ್ಗಿದೆ.

“ಏನವ್ವಾ ಇದು? ಏನರ ಒಂದು ಗೀಚಾಕ ಏನಾಗಿತ್ತು ನಿನಗ? ಕೈಯಾರೆ ಕಳಕೊಂಡ್ಯಲ್ಲ!”

ಅಕ್ಕಿ ಆರಿಸುತ್ತಿದ್ದ ಕರೆವ್ವ ತಲೆ ಎತ್ತಲಿಲ್ಲ.

“ಗೈಡಿನವು ನೆನಪಾಗಲಿಲ್ರಿ. ನನ್ನವು ನಾಕೂ ಬರ್ತಿದ್ವು. ಬರಿಯಾಕ ಪೆನ್ನೂ ಇಟ್ಟಿದ್ನಿ. ನೀವ ಬಿಟ್ಟಬಿಡು ಅಂದಿದ್ರಲ್ರಿ, ಬಿಟ್ಟೆ.”

ಹಾಳೆಯನ್ನು ಮಡಚಿ ಜೇಬಿಗಿಟ್ಟೆ. ಇನ್ನು ಯಾರನ್ನು ಬೈಯಲಿ?

“ಜೂನಿನ್ಯಾಗ ಮತ್ತೊಂದು ಪರೀಕ್ಷೆ ಐತಿ,” ಎಂದೆ. ನನ್ನ ದನಿ ಕೇಳಿ ನನಗೇ ನಾಚಿಕೆಯಾಯಿತು.

“ಬರೀತೇನ್ರಿ.” ಮೊರವನ್ನು ಪಕ್ಕಕ್ಕಿಟ್ಟಳು. “ಆದ್ರ ಇನ್ನ ಮ್ಯಾಲೆ ವಾಕ್ಯ ನಾ ಹೇಳ್ತೇನ್ರಿ. ತಪ್ಪಿದ್ರ ನೀವು ತಿದ್ದರಿ.”

ಪರೀಕ್ಷೆಯಲ್ಲಿ ನುಂಗಿಕೊಂಡಿದ್ದ ನಾಲ್ಕು ವಾಕ್ಯಗಳನ್ನೂ ಅಲ್ಲಿಯೇ, ಒಂದೊಂದಾಗಿ, ತಡವರಿಸುತ್ತ ಹೇಳಿದಳು. ಎರಡರಲ್ಲಿ ತಪ್ಪಿತ್ತು. ಎರಡು ಸರಿಯಾಗಿದ್ದವು. ಅವಳು ಪಾಸಾಗಲು ಅಷ್ಟೇ ಸಾಕಿತ್ತು.