ಕಟಕ್ ಮಾವ

ನನ್ನ ಸೋದರಮಾವನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಕಾಗದಪತ್ರ ಬಿಟ್ಟರೆ ಅದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಊರಿಗೆಲ್ಲ ಅವನು ಕಟಕ್ ಮಾವ. ಕೊಯ್ಲಿನ ಹೊತ್ತಿಗೆ ಗೋಧಿಯ ತೆನೆ ಮುರಿದು, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಒಂದು ಕಾಳನ್ನು ದವಡೆಯಲ್ಲಿಟ್ಟು ಕಡಿಯುತ್ತಿದ್ದ. ಕಟಕ್ ಎಂದರೆ ಒಣಗಿದೆ, ಕೊಯ್ಯಬಹುದು. ಪಚಕ್ ಎಂದರೆ ಇನ್ನೂ ಹಸಿ, ಕಾಯಬೇಕು. ಹಸಿ ಕಾಳನ್ನು ತುಂಬಿಟ್ಟರೆ ಉಗ್ರಾಣದಲ್ಲಿ ಬಿಸಿಯೇರಿ ಮುಗ್ಗುತ್ತದೆ. ಒಣಗಿದ್ದನ್ನು ಹೊಲದಲ್ಲೇ ಬಿಟ್ಟರೆ ಮಳೆಗೆ ಸಿಕ್ಕಿ ತೆನೆಯಲ್ಲೇ ಮೊಳೆಯುತ್ತದೆ. ಇವೆರಡರ ನಡುವೆ ನಮಗೆ ಸಿಗುವುದು ಮೂರೋ ನಾಲ್ಕೋ ದಿನ. ಊರಿಗೆ ಇರುವುದು ಒಂದೇ ಕಟಾವು ಮಷಿನ್. ಅದು ಯಾವ ದಿನ ಯಾರ ಹೊಲಕ್ಕೆ ಇಳಿಯಬೇಕು ಎಂಬುದನ್ನು ಮಾವನ ದವಡೆ ತೀರ್ಮಾನಿಸುತ್ತಿತ್ತು. ಮಷಿನ್ ಓಡಿಸುವವಳು ನಾನು.

ಅವನದು ಬರೀ ಬಾಯಿಯ ವಿದ್ಯೆ ಎಂದುಕೊಳ್ಳಬೇಡಿ. ನಮ್ಮ ಗೋಧಿ ಚಳಿಗೆ ಮುಂಚೆ ಬಿತ್ತುವಂಥದ್ದು. ಎರಡು ಮೂರು ಎಲೆ ಬಿಟ್ಟು ಹಿಮದಡಿ ಮಲಗುತ್ತದೆ. ಹಿಮ ಬಿದ್ದರೆ ಪೈರಿಗೆ ಕಂಬಳಿ ಹೊದಿಸಿದ ಹಾಗೆ. ಹಿಮವಿಲ್ಲದೆ ಬರೀ ಚಳಿ ಕೊರೆದರೆ ಬುಡವೇ ಸಾಯುತ್ತದೆ, ಮೇಲೆ ನೋಡಿದರೆ ಗೊತ್ತೂ ಆಗುವುದಿಲ್ಲ. ಅದಕ್ಕೆ ಮಾವ ನಡುಚಳಿಯಲ್ಲಿ ಹಾರೆ ಹಾಕಿ, ಕಲ್ಲಿನಂತಾದ ಮಣ್ಣಿನ ಹೆಂಟೆಯನ್ನು ಪೈರಿನ ಸಮೇತ ಕಿತ್ತು ತಂದು, ಹಳೇ ಬೋಗುಣಿಯಲ್ಲಿಟ್ಟು ಒಲೆಯ ಪಕ್ಕ ಹತ್ತು ದಿನ ಕಾಯುತ್ತಿದ್ದ. ಬಿಳೀ ಬೇರು ಹೊಸದಾಗಿ ಒಡೆದರೆ ಹೊಲ ಬದುಕಿದೆ ಎಂದು ಲೆಕ್ಕ. "ಈ ಮನೇಲಿ ಹೆಂಡತಿಗಿಂತ ಹೆಂಟೆಗೇ ಬೆಚ್ಚಗಿನ ಜಾಗ" ಎಂದು ಅತ್ತೆ ಗೊಣಗುತ್ತಿದ್ದಳು. ಇಡೀ ಹೊಲವನ್ನು ಒಂದೇ ವಾರದಲ್ಲಿ ಬಿತ್ತಲು ಅವನು ಯಾರನ್ನೂ ಬಿಡುತ್ತಿರಲಿಲ್ಲ. ಅರ್ಧ ಈಗ, ಇನ್ನರ್ಧ ಹದಿನೈದು ದಿನ ಬಿಟ್ಟು. ಒಂದು ಹೋದರೂ ಇನ್ನೊಂದು ಉಳಿಯಲಿ ಎಂದು. ನಲವತ್ತು ವರ್ಷ ಊರು ಅವನ ಮಾತು ಕೇಳಿತು, ಕೇಳಿ ಕೆಟ್ಟವರು ಇರಲಿಲ್ಲ.

ಅರವತ್ತೊಂಬತ್ತಕ್ಕೆ ಅವನ ಹಲ್ಲು ಕೈಕೊಟ್ಟವು. ಪೇಟೆಯ ದಂತವೈದ್ಯರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಉಳಿದಿದ್ದ ಒಂಬತ್ತನ್ನೂ ಕಿತ್ತು, ಎರಡು ತಿಂಗಳ ಮೇಲೆ ಮೇಲೊಂದು ಕೆಳಗೊಂದು ಕಟ್ಟುಹಲ್ಲಿನ ಸೆಟ್ಟು ಕೂರಿಸಿದರು. ನಡುವಿನ ಆ ಎರಡು ತಿಂಗಳನ್ನು ಅವನು ಗಂಟಲುನೋವಿನ ನೆಪ ಹೇಳಿ, ಮುಖಕ್ಕೆ ಮಫ್ಲರ್ ಸುತ್ತಿಕೊಂಡೇ ಕಳೆದಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ನನ್ನ ಮೊಣಕೈ ಹಿಡಿದುಕೊಂಡ.

"ಯಾರಿಗೂ ಹೇಳ್ಬೇಡ ಕಣೇ. ಊರವರು ನಗ್ತಾರೆ."

"ನಗಲಿ ಬಿಡು ಮಾವ. ಕಾಳು ಕಡಿಯೋದು ಹೇಗೆ ಈಗ?"

"ಅದೆಲ್ಲ ನಾನು ನೋಡ್ಕೋತೀನಿ."

ನಾನು ಬಾಯಿ ಮುಚ್ಚಿಕೊಂಡೆ. ಪ್ರೀತಿಯಿಂದ ಮುಚ್ಚಿಕೊಂಡೆ ಎಂದು ಆಗ ಅಂದುಕೊಂಡಿದ್ದೆ.

ಆ ಬೇಸಿಗೆ ಮೊದಲು ಕೊಯ್ಲಿಗೆ ಬಂದದ್ದು ಬೀಜದ ಅಂಗಡಿಯವನ ಹೊಲ. ಮಾವ ಕಡಿದು "ಕಟಕ್" ಎಂದ. ಮಷಿನ್ ಇಳಿಸಿದೆ. ಮೂರನೇ ದಿನಕ್ಕೆ ಅಂಗಡಿಯವನ ಉಗ್ರಾಣದಲ್ಲಿ ಕಾಳಿನ ರಾಶಿಗೆ ಕೈ ಹಾಕಿದರೆ ಬಿಸಿನೀರಿಗೆ ಹಾಕಿದ ಹಾಗಿತ್ತು. ಅಂಗಳದಲ್ಲಿ ಹರಡಿ, ನಾಲ್ಕು ದಿನ ಸಲಿಕೆಯಲ್ಲಿ ತಿರುವಿ ಹೇಗೋ ಉಳಿಸಿಕೊಂಡರು. ಚಾವಣಿ ಸೋರಿರಬೇಕು ಎಂದು ಜನ ಮಾತಾಡಿಕೊಂಡರು. ಆದದ್ದು ಏನೆಂದು ಮಾವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಟಕ್ ಎಂದದ್ದು ಕಾಳಲ್ಲ, ಸೆಟ್ಟು. ಹಸಿ ಕಾಳನ್ನು ಕಡಿದರೂ ಅವು ಒಂದಕ್ಕೊಂದು ಬಡಿದು ಕಟಕ್ ಎನ್ನುತ್ತಿದ್ದವು.

ಮುಂದಿನದು ನನ್ನ ತಂಗಿಯ ಹೊಲ. ಗುತ್ತಿಗೆಗೆ ಹಿಡಿದದ್ದು. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ತನ್ನದು ಎಂದುಕೊಂಡದ್ದು ಆ ಹೊಲ ಒಂದನ್ನೇ. ಮೊದಲ ವರ್ಷ ಹಿಮ ಬೀಳದೆ ಪೈರು ಸತ್ತಿತ್ತು. ಎರಡನೇ ವರ್ಷ ಆಲಿಕಲ್ಲು. ಜಮೀನಿನ ಯಜಮಾನ ಕೆಟ್ಟವನೇನಲ್ಲ, ಆದರೆ ಖಂಡಿತವಾದಿ. "ಇನ್ನೊಂದು ಸಲ ನೋಡ್ತೀನಮ್ಮ. ಈ ಸಲವೂ ಬೆಳೆ ಕೈಗೆ ಬರದಿದ್ರೆ ಬೇರೆಯವರಿಗೆ ಕೊಡ್ತೀನಿ" ಎಂದಿದ್ದ. ಮೂರನೇ ವರ್ಷದ ಬೆಳೆಯೋ, ಕಣ್ಣು ಬೀಳುವ ಹಾಗಿತ್ತು.

ಮಷಿನ್ ಹೊಲದಂಚಿಗೆ ತಂದು ನಿಲ್ಲಿಸಿದ್ದೆ. ಸೆಕೆಯ ಮಧ್ಯಾಹ್ನ, ಪಡುವಣದಲ್ಲಿ ಒಂದು ಕಪ್ಪು ಪಟ್ಟಿ. ಮಾವ ಕಾಳು ಕಡಿದ. ಮತ್ತೊಂದು ಕಡಿದ. ಅವನ ಹಣೆಯಲ್ಲಿ ಬೆವರಿತ್ತು.

"ಪಚಕ್" ಎಂದ. "ಇನ್ನೂ ಎರಡು ದಿನ ತಡಿ ಮಗಳೇ."

"ಮೋಡ ಆಗ್ತಿದೆಯಲ್ಲ ಮಾವ?" ಎಂದಳು ತಂಗಿ.

"ಆ ಮೋಡ ಆ ಕಡೆ ಹೋಗುತ್ತೆ."

ತಂಗಿ ನನ್ನ ಮುಖ ನೋಡಿದಳು. ಅಷ್ಟರಲ್ಲಿ ನಾನೂ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಿದ್ದೆ. ನನ್ನ ಹಲ್ಲು ನನ್ನವೇ. ಕಟಕ್ ಎಂದದ್ದು ತಲೆಯೊಳಗೆಲ್ಲ ಕೇಳಿಸಿತು. ಸುತ್ತ ಏಳೆಂಟು ಜನ ನಿಂತಿದ್ದರು. ಅವರೆದುರು ನಲವತ್ತು ವರ್ಷದ ಮಾತನ್ನು ನಾನು ಸುಳ್ಳು ಮಾಡಬೇಕಿತ್ತು. "ಮಾವ ಹೇಳಿದ ಮೇಲೆ ಇನ್ನೇನು" ಎಂದು ಮಷಿನ್ ತಿರುಗಿಸಿದೆ. ಒಂದು ಹಿಡಿ ಕಾಳು ಪೇಟೆಯ ಗೋದಾಮಿಗೆ ಒಯ್ದಿದ್ದರೆ ತೇವ ಅಳೆಯುವ ಯಂತ್ರವೇ ಹೇಳುತ್ತಿತ್ತು, ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ. ಅದು ನನಗೆ ಹೊಳೆದದ್ದು ಮಳೆ ಶುರುವಾದ ಮೇಲೆ.

ಮಳೆ ಐದು ದಿನ ಹೊಯ್ಯಿತು. ಆರನೇ ದಿನ ಬೂಟು ಹೂತುಹೋಗುವ ಕೆಸರಿನಲ್ಲಿ ಮೂವರೂ ಹೊಲಕ್ಕಿಳಿದೆವು. ಪೈರು ನೆಲಕ್ಕೆ ಒರಗಿತ್ತು. ತಂಗಿ ಒಂದು ತೆನೆ ಬಿಡಿಸಿದಳು. ಪ್ರತಿ ಕಾಳಿನ ತುದಿಯಲ್ಲೂ ಬಿಳೀ ಮೊಳಕೆ. ಗಿರಣಿಯವರು ಅದನ್ನು ಮೂಸಿಯೂ ನೋಡುವುದಿಲ್ಲ, ದನದ ಮೇವಿಗಷ್ಟೇ. ಅವಳು ಇನ್ನೊಂದು ತೆನೆ ಬಿಡಿಸಿದಳು, ಮತ್ತೊಂದು, ಮಗದೊಂದು. ಸಾಕು ಬಿಡು ಎಂದು ಕೂಗಬೇಕೆನಿಸಿತು ನನಗೆ.

ಮಾವ ಸೆಟ್ಟನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. ಬೊಚ್ಚು ಬಾಯಲ್ಲಿ ಮಾತು ತೊದಲುತ್ತಿತ್ತು. "ಇದರಲ್ಲಿ ನನಗೇನೂ ಗೊತ್ತಾಗಲ್ಲ ಮಗಳೇ. ಅಂಗಡಿಯವನದ್ದು ಹಾಗಾದ ಮೇಲೆ ಹೆದರಿಬಿಟ್ಟೆ. ತಡಿ ಅನ್ನೋದೇ ವಾಸಿ ಅನ್ನಿಸ್ತು."

ಅತ್ತೆ ಮತ್ತು ನನ್ನನ್ನು ಬಿಟ್ಟರೆ ಯಾರೂ ನೋಡಿರದ ಮುಖ ಅದು. ತಂಗಿ ತನ್ನ ಸೆರಗಿನಲ್ಲಿ ಅವನ ಕೈಯ ಕೆಸರು ಒರೆಸಿ, "ಹಾಕ್ಕೋ ಮಾವ, ಶೀತ ಆಗುತ್ತೆ" ಎಂದಳು. ನನ್ನ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ನೀನೂ ಒಂದು ಕಾಳು ಕಡಿದೆಯಲ್ಲ. ನೋಡಿದೆ ನಾನು. ಏನಂತು?"

 

ಯಜಮಾನ ಆಡಿದಂತೆ ಮಾಡಿದ. ಚಳಿಗೆ ಮುಂಚೆ ಆ ಹೊಲವನ್ನು ಬೇರೆಯವರು ಬಿತ್ತಿದರು. ತಂಗಿ ಈಗ ಪೇಟೆಯಲ್ಲಿ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಮಾವ ಈಗ ಹೊಲದ ಕಡೆ ಹೋಗುವುದಿಲ್ಲ. ಗೋದಾಮಿನಲ್ಲಿರುವಂಥದ್ದೇ ತೇವ ಅಳೆಯುವ ಯಂತ್ರವೊಂದನ್ನು ಊರವರೆಲ್ಲ ಸೇರಿ ತಂದಿದ್ದಾರೆ, ಅದು ನನ್ನ ಮಷಿನ್ನಿನ ಸೀಟಿನ ಪಕ್ಕದಲ್ಲೇ ಇರುತ್ತದೆ.

ಪ್ರತಿ ಭಾನುವಾರ ತಂಗಿ ಮಾವನಿಗೆ ಫೋನ್ ಮಾಡುತ್ತಾಳೆ. ಅವನಿಗೆ ಕಿವಿ ಮಂದ, ರಿಂಗ್ ಕೇಳಿಸದು, ಎತ್ತುವವಳು ನಾನೇ. ಮಾತು ಬಂದಾಗಿನಿಂದ ನನ್ನನ್ನು 'ನೀನು' ಎಂದೇ ಕರೆಯುತ್ತ ಬೆಳೆದವಳು ಅವಳು, ನನ್ನ ಜಡೆ ಹಿಡಿದು ಜಗಳವಾಡಿದವಳು. "ಹೇಗಿದ್ದೀಯೇ?" ಎಂದು ಪ್ರತಿ ಸಲವೂ ಕೇಳುತ್ತೇನೆ.

"ಚೆನ್ನಾಗಿದ್ದೀನಿ" ಎನ್ನುತ್ತಾಳೆ. "ಸ್ವಲ್ಪ ಮಾವನಿಗೆ ಕೊಡಿ."